ಹತ್ತು ದಿನದಲ್ಲಿ ಇಡೀ ಐರ್ಲೆಂಡ್ ಸುತ್ತಬಹುದೇ?

ಪ್ರಶ್ನೆ: ನನ್ನ ತಮ್ಮ ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬರುವ ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು, 11 ವರ್ಷದ ಮಗ ಮತ್ತು 71 ವರ್ಷದ ನಮ್ಮಮ್ಮ ಅಲ್ಲಿಗೆ ಹೋಗಬೇಕೆಂದಿದ್ದೇವೆ. ಕೈಯಲ್ಲಿರುವುದು ಹತ್ತೇ ದಿನ. ಅಮ್ಮನಿಗೆ ಮಂಡಿ ನೋವು, ಮೊಟ್ಟೆಯನ್ನೂ ಮುಟ್ಟುವವರಲ್ಲ. ನಮ್ಮೂರಿನ ಟ್ರಾವೆಲ್ ಏಜೆಂಟರು, “ಚಿಕ್ಕ ದೇಶ ಮೇಡಂ, ಕಾರು ತಗೊಂಡ್ರೆ ಒಂದು ಸುತ್ತು ಹಾಕಿಬಿಡಬಹುದು” ಎಂದು ಡಬ್ಲಿನ್, ಬೆಲ್‌ಫಾಸ್ಟ್, ಜೈಂಟ್ಸ್ ಕಾಸ್‌ವೇ, ಗಾಲ್ವೇ, ಕಾನೆಮಾರಾ, ಮೊಹರ್ ಬಂಡೆಗಳು, ಡಿಂಗಲ್, ರಿಂಗ್ ಆಫ್ ಕೆರಿ ಎಲ್ಲವನ್ನೂ ಸೇರಿಸಿ ಪಟ್ಟಿ ಕೊಟ್ಟಿದ್ದಾರೆ. ಹೋದ ವರ್ಷ ಪ್ಯಾರಿಸ್‌ಗೆ ಹೋದಾಗ ಮಾಡಿಸಿದ ಷೆಂಗೆನ್ ವೀಸಾ ಇನ್ನೂ ಚಾಲ್ತಿಯಲ್ಲಿದೆ, ಅದೇ ಸಾಕಂತೆ. ತಮ್ಮ ಮಾತ್ರ, ಅಲ್ಲಿ ದಿನಾ ಮಳೆ, ಹಳ್ಳಿ ಕಡೆ ರಸ್ತೆ ಇಕ್ಕಟ್ಟು, ಅಮ್ಮನಿಗೆ ಊಟ ಸಿಗುವುದಿಲ್ಲ ಎಂದು ಹೆದರಿಸುತ್ತಾನೆ. ಕಾರೇ ಸರಿಯೇ, ರೈಲು ವಾಸಿಯೇ? ಯಾರ ಮಾತು ನಂಬುವುದು?
– ಓದುಗರು, ದಾವಣಗೆರೆ

ಉತ್ತರ: ಮಳೆ, ರಸ್ತೆ, ಊಟ ಎಂದು ನೀವು ಆತಂಕ ತೋಡಿಕೊಂಡ ಮೂರಕ್ಕೂ ದಾರಿಯಿದೆ. ನನಗೆ ದಿಗಿಲಾದದ್ದು ನೀವು ಏನೂ ಆತಂಕವಿಲ್ಲದೆ ಬರೆದ ಸಾಲನ್ನು ಓದಿ: ಷೆಂಗೆನ್ ವೀಸಾ ಸಾಕು ಎಂಬುದು. ಸಾಕಾಗುವುದಿಲ್ಲ. ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದೆ, ಅಲ್ಲಿ ಓಡುವುದು ಯೂರೋ ನೋಟೇ; ಆದರೆ ಒಂದೇ ವೀಸಾದಲ್ಲಿ ಹಲವು ಐರೋಪ್ಯ ದೇಶ ಸುತ್ತಬಹುದಾದ ಷೆಂಗೆನ್ ವಲಯಕ್ಕೆ ಅದು ಸೇರಿಲ್ಲ. ಪ್ಯಾರಿಸ್ ವೀಸಾ ಹಿಡಿದು ಹೋದರೆ ಡಬ್ಲಿನ್ ತನಕ ಹೋಗುವ ಮಾತೇ ಇಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ನಾಲ್ವರೂ ಐರಿಷ್ ವೀಸಾವನ್ನೇ ಪಡೆಯಬೇಕು. ಬ್ರಿಟನ್ ಸಂದರ್ಶಕ ವೀಸಾ ಇದ್ದು, ಮೊದಲು ಬ್ರಿಟನ್ನಿಗೆ ಇಳಿದು ಆಮೇಲೆ ಐರ್ಲೆಂಡಿಗೆ ದಾಟುವವರಿಗೆ ಬೇರೆ ಅನುಕೂಲವಿದೆ. ನಿಮ್ಮ ಬಳಿ ಅದಿಲ್ಲವಾದ್ದರಿಂದ ಅದರ ವಿವರ ಬೇಡ.

ಅರ್ಜಿಯನ್ನು ಮೊದಲು ಅಲ್ಲಿನ ಸರ್ಕಾರದ ‘ಅವಾಟ್ಸ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು. ಆಮೇಲೆ ಮುದ್ರಿತ ಪ್ರತಿ, ದಾಖಲೆ, ಬೆರಳಚ್ಚು ಎಲ್ಲ ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದಲ್ಲಿ. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲಾಗದು. ಪರಿಶೀಲನೆಗೆ ಎಂಟು ವಾರವಾದರೂ ಹಿಡಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಮೇ ಪ್ರವಾಸಕ್ಕೆ ಫೆಬ್ರವರಿಯಲ್ಲೇ ಕೈಹಾಕಬೇಕು. ತಮ್ಮನಿಂದ ಆಹ್ವಾನ ಪತ್ರ, ಅವನ ವಾಸದ ಪರವಾನಗಿ ಕಾರ್ಡಿನ ನಕಲು, ಸಂಬಳದ ಚೀಟಿ ತರಿಸಿ. ನಿಮ್ಮ ಕಡೆಯಿಂದ ಆರು ತಿಂಗಳ ಬ್ಯಾಂಕ್ ವಿವರ, ಕೆಲಸ ಮಾಡುವ ಕಡೆಯಿಂದ ರಜೆ ಮಂಜೂರಾತಿ, ಮಗನ ಶಾಲೆಯ ಪತ್ರ. ಖಾತೆಗೆ ದಿಢೀರನೆ ದೊಡ್ಡ ಮೊತ್ತ ಬಂದು ಕೂತಿದ್ದರೆ ಅದು ಎಲ್ಲಿಂದ ಬಂತೆಂದು ಒಂದು ಪುಟ ಬರೆದು ಲಗತ್ತಿಸಿ. ನಾನು ನೋಡಿದ ತಿರಸ್ಕೃತ ಅರ್ಜಿಗಳಲ್ಲಿ ಹಣ ಕಡಿಮೆಯಾಗಿ ಬಿದ್ದವಕ್ಕಿಂತ ಹಣಕ್ಕೆ ವಿವರಣೆಯಿಲ್ಲದೆ ಬಿದ್ದವೇ ಹೆಚ್ಚು. ಹಿಂದೆ ಯಾವ ದೇಶದವರಾದರೂ ವೀಸಾ ನಿರಾಕರಿಸಿದ್ದರೆ ಮುಚ್ಚಿಡಬೇಡಿ. ನಿರಾಕರಣೆಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಕಾಣುತ್ತದೆ. ವೀಸಾ ಕೈಗೆ ಬರುವ ತನಕ ವಿಮಾನದ ಟಿಕೆಟ್ ಕೊಳ್ಳಬೇಡಿ ಎಂದು ಐರಿಷ್ ಸರ್ಕಾರವೇ ಹೇಳುತ್ತದೆ. ಒಂದು ವೇಳೆ ತಿರಸ್ಕಾರವಾದರೆ ಎರಡು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಅಷ್ಟರಲ್ಲಿ ಮಗನ ರಜೆ ಮುಗಿದಿರುತ್ತದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಸಂಗತಿ ನಿಮ್ಮ ಪಟ್ಟಿಯಲ್ಲಿ ಅಡಗಿ ಕೂತಿದೆ. ಬೆಲ್‌ಫಾಸ್ಟ್ ಮತ್ತು ಕಡಲಂಚಿನ ಕಲ್ಲುಕಂಬಗಳ ಜೈಂಟ್ಸ್ ಕಾಸ್‌ವೇ ಇರುವುದು ಅದೇ ದ್ವೀಪದಲ್ಲಾದರೂ ಅದೇ ದೇಶದಲ್ಲಲ್ಲ. ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿನ ಆಡಳಿತ. ಗಡಿಯಲ್ಲಿ ಗೇಟಿಲ್ಲ, ಠಾಣೆಯಿಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ. ರಸ್ತೆಯಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ವೇಗದ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆ, ಅಷ್ಟೇ. ಹಾಗಂತ ನಿಯಮವೇ ಇಲ್ಲವೆಂದಲ್ಲ. ಭಾರತೀಯ ಪಾಸ್‌ಪೋರ್ಟಿನವರಿಗೆ ಅಲ್ಲಿ ಕಾಲಿಡಲು ಬ್ರಿಟನ್ನಿನ ಅನುಮತಿ ಬೇಕು. ಡಬ್ಲಿನ್–ಬೆಲ್‌ಫಾಸ್ಟ್ ಬಸ್ಸುಗಳನ್ನು ಪೊಲೀಸರು ಆಗಾಗ ಹತ್ತಿ ತಪಾಸಣೆ ಮಾಡುವುದುಂಟು. “ಯಾರೂ ನೋಡಲ್ಲ ಬಿಡಿ” ಎನ್ನುವವರ ಮಾತು ಕೇಳಬೇಡಿ, ಸಿಕ್ಕಿಬಿದ್ದರೆ ಮುಂದಿನ ಎಲ್ಲ ವೀಸಾ ಅರ್ಜಿಗಳಿಗೂ ಅದು ಕಲೆಯಾಗಿ ಉಳಿಯುತ್ತದೆ. ಇದಕ್ಕಾಗಿಯೇ ಭಾರತೀಯರಿಗೂ ಚೀನೀಯರಿಗೂ ಎರಡೂ ಸರ್ಕಾರಗಳು ಸೇರಿ ಮಾಡಿದ ಒಂದು ಯೋಜನೆಯಿದೆ. ನಿಮಗೆ ಬರುವ ಐರಿಷ್ ವೀಸಾದ ಮೇಲೆ ‘ಬಿಐವಿಎಸ್’ (BIVS, ಬ್ರಿಟಿಷ್–ಐರಿಷ್ ವೀಸಾ ಯೋಜನೆ) ಎಂಬ ಅಕ್ಷರಗಳಿದ್ದರೆ, ಮೊದಲು ಐರ್ಲೆಂಡಿಗೆ ಇಳಿದು ಆಮೇಲೆ ಬ್ರಿಟನ್ನಿನ ನೆಲಕ್ಕೂ ಹೋಗಿಬರಬಹುದು. ವೀಸಾ ಚೀಟಿಯನ್ನು ಕಣ್ಣಾರೆ ನೋಡಿದ ಮೇಲಷ್ಟೇ ಬೆಲ್‌ಫಾಸ್ಟ್ ಬಗ್ಗೆ ಯೋಚಿಸಿ.

ಈಗ ‘ಚಿಕ್ಕ ದೇಶ’ದ ಮಾತು. ಭೂಪಟದ ಮಟ್ಟಿಗೆ ಏಜೆಂಟರು ಹೇಳಿದ್ದು ನಿಜ. ಉತ್ತರ ದಕ್ಷಿಣ ಸೇರಿಸಿದರೂ ಇಡೀ ದ್ವೀಪ ಸುಮಾರು 84,400 ಚದರ ಕಿ.ಮೀ., ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಡಬ್ಲಿನ್‌ನಿಂದ ಗಾಲ್ವೇಗೆ ಸುಮಾರು 210 ಕಿ.ಮೀ., ಎರಡೂವರೆ ಗಂಟೆಯ ದಾರಿ. ಮೋಸವಾಗುವುದು ಅದರಾಚೆ. ಹೆದ್ದಾರಿಗಳು ಬಹುಪಾಲು ಡಬ್ಲಿನ್‌ನಿಂದ ಹೊರಟು ಗಾಲ್ವೇ, ಲಿಮರಿಕ್, ಕಾರ್ಕ್ ಕಡೆಗೆ ಚಾಚಿಕೊಂಡಿವೆ. ನೀವು ನೋಡಬೇಕೆಂದಿರುವುದೆಲ್ಲ ಇರುವುದು ಅವು ಮುಗಿದ ಮೇಲೆ. ಪಡುವಣ ಕರಾವಳಿ ನೇರ ಗೆರೆಯಲ್ಲ. ಅಟ್ಲಾಂಟಿಕ್ ಕಡಲು ಒಳನುಗ್ಗಿ ನೆಲವನ್ನು ಬೆರಳುಗಳ ಹಾಗೆ ಸೀಳಿದೆ. ಒಂದು ಬೆರಳಿನ ತುದಿಯಿಂದ ಪಕ್ಕದ ಬೆರಳಿನ ತುದಿಗೆ ಹೋಗಲು ಬುಡದವರೆಗೆ ವಾಪಸ್ ಬರಬೇಕು. 2014ರಲ್ಲಿ ಪ್ರವಾಸೋದ್ಯಮ ಇಲಾಖೆ ಈ ದಂಡೆಯ ಉದ್ದಕ್ಕೂ ಗುರುತಿಸಿದ ‘ವೈಲ್ಡ್ ಅಟ್ಲಾಂಟಿಕ್ ವೇ’ ಸುಮಾರು 2500 ಕಿ.ಮೀ. ಇದೆ ಎಂದರೆ ಅಂದಾಜು ಸಿಗಬಹುದು. ಕೆರಿ ಸೀಮೆಯ ಕಡಲಂಚನ್ನು ಸುತ್ತಿಬರುವ ರಸ್ತೆ ರಿಂಗ್ ಆಫ್ ಕೆರಿ 179 ಕಿ.ಮೀ. ಮಾತ್ರ, ಆದರೂ ನಿಂತು ನೋಡಿಕೊಂಡು ಹೋದರೆ ಬೆಳಗಿನಿಂದ ಸಂಜೆ. ಗಾಲ್ವೇಯಿಂದ ಮೊಹರ್‌ಗೆ ಸುಮಾರು 75 ಕಿ.ಮೀ., ಒಂದೂವರೆ ಗಂಟೆ. ನಿಮ್ಮ ಏಜೆಂಟರ ಪಟ್ಟಿಯಂತೆ ಹೊರಟರೆ ಹತ್ತು ದಿನದಲ್ಲಿ ಆರೇಳು ಸಲ ಪೆಟ್ಟಿಗೆ ಕಟ್ಟಬೇಕು, ಅಮ್ಮ ದಿನಕ್ಕೆ ನಾಲ್ಕೈದು ಗಂಟೆ ಕಾರಿನಲ್ಲಿ ಮಂಡಿ ಮಡಚಿ ಕೂರಬೇಕು.

ಮಳೆಯ ಬಗ್ಗೆ ತಮ್ಮ ಹೇಳಿದ್ದು ಅರ್ಧ ಸತ್ಯ. ಡಬ್ಲಿನ್ ಕಡೆ ವರ್ಷಕ್ಕೆ 750ರಿಂದ 1000 ಮಿ.ಮೀ., ಪಡುವಣದಲ್ಲಿ 1000ದಿಂದ 1400 ಮಿ.ಮೀ. ಮಳೆ. ಕಾರಣ ನಮಗೆ ಹೊಸದಲ್ಲ: ಕಡಲಿನ ಮೇಲಿಂದ ಬರುವ ತೇವದ ಗಾಳಿ ಪಡುವಣದ ಗುಡ್ಡಗಳಿಗೆ ಬಡಿದು ಅಲ್ಲೇ ಸುರಿದುಬಿಡುತ್ತದೆ, ಮೂಡಣಕ್ಕೆ ಉಳಿದದ್ದು ಸಿಗುತ್ತದೆ. ನಮ್ಮ ಆಗುಂಬೆ ವರ್ಷಕ್ಕೆ 7000 ಮಿ.ಮೀ. ಮೀರುವಾಗ ಇದು ಯಾವ ಲೆಕ್ಕ ಎನಿಸಬಹುದು. ಆದರೆ ಅಲ್ಲಿ ಅದೇ ಮಳೆ ಪಡುವಣದಲ್ಲಿ ವರ್ಷದ 225 ದಿನಗಳಿಗೆ ಹಂಚಿಕೊಂಡು ಬರುತ್ತದೆ. ಧೋ ಎಂದು ಸುರಿಯುವುದು ಅಪರೂಪ. ಸೋನೆ, ಬಿಸಿಲು, ಮತ್ತೆ ಸೋನೆ. ಒಂದೇ ಮಧ್ಯಾಹ್ನದಲ್ಲಿ ಮೂರೂ ಆಗುತ್ತವೆ. ಕೊಡೆ ಒಯ್ಯಬೇಡಿ, ಕಡಲ ಗಾಳಿಗೆ ಅದು ತಿರುಗಿ ಮುರಿಯುತ್ತದೆ. ಟೋಪಿಯಿರುವ ಗಟ್ಟಿ ರೈನ್‌ಕೋಟ್, ನೀರು ಒಳಗಿಳಿಯದ ಷೂ, ಒಳಗೊಂದು ಉಣ್ಣೆಯ ಸ್ವೆಟರ್ ಇರಲಿ. ಮೇ ತಿಂಗಳಲ್ಲಿ ಹಗಲಿನ ತಾಪ 15 ಡಿಗ್ರಿಯ ಆಸುಪಾಸು. ಅಂದಹಾಗೆ ನೀವು ಆರಿಸಿದ ಕಾಲ ಒಳ್ಳೆಯದೇ. ಅಲ್ಲಿ ಅತಿ ಹೆಚ್ಚು ಬಿಸಿಲು ಸಿಗುವುದು ಸಾಮಾನ್ಯವಾಗಿ ಮೇ ಮತ್ತು ಜೂನ್‌ನಲ್ಲಿ. ಮೇ ಮೊದಲ ಸೋಮವಾರ ಸಾರ್ವಜನಿಕ ರಜೆ. ಆ ವಾರಾಂತ್ಯ ಗಾಲ್ವೇಯಂಥ ಊರುಗಳಲ್ಲಿ ಕೋಣೆ ಸಿಗುವುದು ಕಷ್ಟ, ಅದನ್ನು ತಪ್ಪಿಸಿ.

ಮಳೆಗಿಂತ ಮಂಜು ಹೆಚ್ಚು ಕಾಟ ಕೊಡುತ್ತದೆ. ಮೊಹರ್ ಬಂಡೆಗಳು 214 ಮೀಟರ್ ಎತ್ತರ, ಆದರೆ ಮಂಜು ಕವಿದ ದಿನ ಹತ್ತು ಮೀಟರ್ ಆಚೆಗೂ ಏನೂ ಕಾಣದು. ಡಬ್ಲಿನ್‌ನಿಂದ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಏಳೂವರೆಗೆ ಮರಳುವ ಬಸ್ ಪ್ರವಾಸದಲ್ಲಿ ಹೋದವರಿಗೆ ಆ ಒಂದೂವರೆ–ಎರಡು ಗಂಟೆಯಲ್ಲಿ ಮಂಜು ಸರಿದರೆ ಅದೃಷ್ಟ, ಇಲ್ಲವಾದರೆ ಬಿಳಿ ಗೋಡೆ ನೋಡಿ ಬಂದ ಹಾಗೆ. ಹತ್ತಿರದಲ್ಲೇ ಕೆಲವು ರಾತ್ರಿ ತಂಗಿದರೆ ನಾಳೆ ನೋಡೋಣ ಎನ್ನಬಹುದು. ನಾನು ಕಡಿಮೆ ಊರು, ಹೆಚ್ಚು ರಾತ್ರಿ ಎಂದು ಹಟ ಹಿಡಿಯುವುದು ಇದಕ್ಕೇ. ಅಲ್ಲಿ ಬೇಲಿ ದಾಟಿ ಅಂಚಿಗೆ ಹೋಗಿ ಫೋಟೊ ತೆಗೆಯುವ ಹುಚ್ಚು ಮಾತ್ರ ಬೇಡ. ಅಂಚು ಕುಸಿಯುತ್ತದೆ, ಗಾಳಿ ತಳ್ಳುತ್ತದೆ, ಜನ ಸತ್ತಿದ್ದಾರೆ. ಸಂದರ್ಶಕ ಕೇಂದ್ರದ ಪಕ್ಕದ ಚಪ್ಪಡಿ ಹಾಸಿದ ದಾರಿ ಅಮ್ಮನಿಗೂ ಸಾಕು, ಮಗನಿಗೂ ಕ್ಷೇಮ. ಕಡಲು ಶಾಂತವಿದ್ದರೆ ಹತ್ತಿರದ ಹಳ್ಳಿ ಡೂಲಿನ್‌ನಿಂದ ದೋಣಿಯಲ್ಲಿ ಬಂಡೆಯ ಬುಡಕ್ಕೆ ಹೋಗಬಹುದು. ಕೆಳಗಿನಿಂದ ಕತ್ತೆತ್ತಿ ನೋಡಿದಾಗಲೇ ಆ ಎತ್ತರ ಅರಿವಾಗುವುದು.

ಕಾರಿನ ವಿಷಯ. ನಮ್ಮ ಹಾಗೆ ಎಡಗಡೆಯ ಸಂಚಾರ, ಸ್ಟಿಯರಿಂಗ್ ಬಲಕ್ಕೆ. ಯಜಮಾನರಿಗೆ ಫ್ರಾನ್ಸಿಗಿಂತ ಸಲೀಸು. ನಮ್ಮ ಲೈಸೆನ್ಸ್ ಮೇಲೆ ಪ್ರವಾಸಿಗರು ಓಡಿಸಬಹುದು, ಆದರೂ ಬಾಡಿಗೆ ಕಂಪನಿಯವರು ತಕರಾರು ತೆಗೆಯದಿರಲು ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗಿರಲಿ. ಅಪಾಯ ಹೆದ್ದಾರಿಯಲ್ಲಿಲ್ಲ. ಎರಡೂ ಬದಿ ಕಲ್ಲುಗೋಡೆ ಇಲ್ಲವೇ ಆಳೆತ್ತರದ ಪೊದೆಬೇಲಿ, ನಡುವೆ ಒಂದೂವರೆ ಕಾರಿನಷ್ಟು ಅಗಲ, ತಿರುವಿನಾಚೆ ಟ್ರ್ಯಾಕ್ಟರೋ ಕುರಿಮಂದೆಯೋ – ಹಳ್ಳಿಗಾಡಿನ ಆ ರಸ್ತೆಗಳಲ್ಲಿದೆ. ಅಂಥ ರಸ್ತೆಗಳ ಗರಿಷ್ಠ ವೇಗವನ್ನು 2025ರ ಫೆಬ್ರವರಿಯಲ್ಲಿ 80ರಿಂದ 60 ಕಿ.ಮೀ.ಗೆ ಇಳಿಸಿದ್ದಾರೆ, ನನ್ನ ಕೇಳಿದರೆ ಎಷ್ಟೋ ಕಡೆ 40 ಕೂಡ ಜಾಸ್ತಿಯೇ. ಎದುರಿನವರು ಬಂದರೆ ಅಗಲವಿರುವಲ್ಲಿ ನಿಂತು ದಾರಿ ಬಿಡಬೇಕು. ಅವರು ಸ್ಟಿಯರಿಂಗ್ ಮೇಲಿನ ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳುತ್ತಾರೆ, ನೀವೂ ಎತ್ತಿ. ಹಾರ್ನ್ ಹೊಡೆಯಬೇಡಿ, ಅಲ್ಲಿ ಅದು ಬೈಗುಳಕ್ಕೆ ಸಮ.

ಜೇಬಿಗೆ ಕತ್ತರಿ ಬೀಳುವುದು ಮಾತ್ರ ಬಾಡಿಗೆ ಕೌಂಟರಿನಲ್ಲಿ. ಆನ್‌ಲೈನ್‌ನಲ್ಲಿ ಅಗ್ಗವಾಗಿ ಕಂಡ ದರಕ್ಕೆ ಅಪಘಾತವಾದರೆ ನೀವೇ ಭರಿಸಬೇಕಾದ ದೊಡ್ಡ ಮೊತ್ತ ಅಂಟಿಕೊಂಡಿರುತ್ತದೆ, ಅಷ್ಟನ್ನೂ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಕಾರ್ಡ್ ಚಾಲಕರ ಹೆಸರಿನಲ್ಲೇ ಇರಬೇಕು. ತಮ್ಮನ ಕಾರ್ಡ್ ನಡೆಯದು. ಹೊರಗೆ ಕಡಿಮೆ ದರಕ್ಕೆ ವಿಮೆ ಕೊಂಡರೂ ಈ ತಡೆ ತಪ್ಪುವುದಿಲ್ಲ. ಕಂಪನಿಯ ವಿಮೆಯಲ್ಲೂ ಟೈರು, ಗಾಜು ಬಹಳ ಸಲ ಸೇರಿರುವುದಿಲ್ಲ. ಕಲ್ಲುಗೋಡೆಯ ರಸ್ತೆಯಲ್ಲಿ ಪೆಟ್ಟು ಬೀಳುವುದೇ ಅವಕ್ಕೆ. ಆಟೋಮ್ಯಾಟಿಕ್ ಕಾರು ದುಬಾರಿ ಮತ್ತು ಕಡಿಮೆ, ಬೇಕಿದ್ದರೆ ಮೊದಲೇ ಹೇಳಿ. ಮಗ 150 ಸೆಂ.ಮೀ. ಎತ್ತರ ಅಥವಾ 36 ಕೆ.ಜಿ. ತೂಕ ಮುಟ್ಟಿಲ್ಲವಾದರೆ ಮಕ್ಕಳ ಬೂಸ್ಟರ್ ಸೀಟು ಕಡ್ಡಾಯ. ಹನ್ನೊಂದು ವರ್ಷದವನಿಗೆ ಸಿಟ್ಟು ಬರಬಹುದು, ಕಾನೂನು ಕೇಳುವುದಿಲ್ಲ.

ಹಾಗಾದರೆ ರೈಲೋ ಕಾರೋ? ನಿಮ್ಮ ಮನೆಮಂದಿಗೆ ನಾನು ಎರಡನ್ನೂ ಬೆರೆಸುತ್ತೇನೆ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರು ಡಬ್ಲಿನ್ ನಿಲ್ದಾಣದಲ್ಲೇ ಕಾರು ಹಿಡಿದು ಹೊರಡುವುದು ನನಗೆ ಒಪ್ಪಿಗೆಯಿಲ್ಲ. ನಗರದೊಳಗೆ ಕಾರು ಹೊರೆ, ನಿಲ್ಲಿಸಲು ಜಾಗವೂ ಇಲ್ಲ. ಎರಡು ರಾತ್ರಿ ಡಬ್ಲಿನ್‌ನಲ್ಲಿ ಸುಧಾರಿಸಿಕೊಂಡು ಹ್ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಗಾಲ್ವೇಗೆ ಹೋಗಿ. ಎರಡೂವರೆ ಗಂಟೆ, ಅಮ್ಮ ಕಾಲು ಚಾಚಿ ಕೂರಬಹುದು, ಇಳಿಯುವುದು ಊರ ನಡುವೆಯೇ. ಅಲ್ಲಿ ನಾಲ್ಕು ರಾತ್ರಿ. ಕಾರನ್ನು ಗಾಲ್ವೇಯಲ್ಲೇ ಮೂರು ದಿನಕ್ಕೆ ಪಡೆಯಿರಿ; ಭಾನುವಾರ ಕಚೇರಿ ಮುಚ್ಚಿರುವುದುಂಟು, ಅದಕ್ಕೆ ಹೊಂದಿಸಿಕೊಳ್ಳಿ. ಒಂದು ದಿನ ಬರೆನ್ ಎಂಬ ಬೋಳು ಸುಣ್ಣಕಲ್ಲಿನ ಬಯಲಿನ ಮೂಲಕ ಮೊಹರ್. ಒಂದು ದಿನ ಗಾಲ್ವೇಯ ಪಡುವಣಕ್ಕಿರುವ ಗುಡ್ಡ ಕೆರೆಗಳ ಸೀಮೆ ಕಾನೆಮಾರಾ. ಒಂದು ದಿನ ಕೈಯಲ್ಲಿರಲಿ, ಮಂಜು ಕದ್ದ ದಿನವನ್ನು ತುಂಬಿಕೊಳ್ಳಲು.

ಕಾನೆಮಾರಾದಲ್ಲಿ ಎಲ್ಲರೂ ಓಡುವುದು ಕೆರೆಯಂಚಿನ ಕ್ರೈಸ್ತ ಮಠ ಕೈಲ್‌ಮೋರ್ ಅಬಿಗೆ. ಓಡಲಿ, ಚೆನ್ನಾಗಿದೆ. ಮಗನಿಗೆ ಕ್ರಿಕೆಟ್ ಹುಚ್ಚಿದ್ದರೆ ದಾರಿಯಲ್ಲಿ ಬ್ಯಾಲಿನಾಹಿಂಚ್ ಕೋಟೆಯನ್ನೂ ತೋರಿಸಿ. ನಮ್ಮ ರಣಜಿ ಟ್ರೋಫಿ ಯಾರ ಹೆಸರಿನದೋ ಆ ನವಾನಗರದ ರಣಜಿತ್‌ಸಿನ್ಹಜಿ 1920ರ ದಶಕದಲ್ಲಿ ಮೀನು ಹಿಡಿಯುವ ಖಯಾಲಿಗೆ ಅದನ್ನು ಕೊಂಡಿದ್ದರು, ಈಗದು ಹೋಟೆಲು. ದಾರಿಯುದ್ದಕ್ಕೂ ಸೂರಿಲ್ಲದ ಕಲ್ಲುಮನೆಗಳು ಕಾಣುತ್ತವೆ. ಇವೇಕೆ ಹೀಗೆ ಎಂದು ಮಗ ಕೇಳಿಯೇ ಕೇಳುತ್ತಾನೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬಂದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಏಟು ಹೆಚ್ಚು ಬಿದ್ದದ್ದು ಈ ಪಡುವಣಕ್ಕೆ. 1841ರಲ್ಲಿ 80 ಲಕ್ಷ ದಾಟಿದ್ದ ದ್ವೀಪದ ಜನಸಂಖ್ಯೆ ಇವತ್ತಿಗೂ ಅಲ್ಲಿಗೆ ಮುಟ್ಟಿಲ್ಲ, 70 ಲಕ್ಷದ ಆಸುಪಾಸಿನಲ್ಲಿದೆ. ಪ್ರವಾಸಿಗರು ‘ಎಷ್ಟು ನಿರ್ಜನ, ಎಷ್ಟು ಸುಂದರ’ ಎಂದು ಫೋಟೊ ತೆಗೆಯುವ ಜಾಗಗಳಲ್ಲಿ ಹಲವು ಮೊದಲು ನಿರ್ಜನವಾಗಿರಲಿಲ್ಲ.

ಈ ಯೋಜನೆಯಲ್ಲಿ ಕೆರಿ, ಡಿಂಗಲ್, ಕಾಸ್‌ವೇ ಮೂರೂ ಬಿಟ್ಟುಹೋಗುತ್ತವೆ, ಅದು ನಷ್ಟವೇ. ಅಮ್ಮನ ಅನುಕೂಲವೇ ಮುಖ್ಯವೆಂದರೆ ಗಾಲ್ವೇ ಬದಲು ಕೆರಿ ಸೀಮೆಯ ಊರು ಕಿಲಾರ್ನಿ ಆರಿಸಬಹುದು. ಡಬ್ಲಿನ್‌ನಿಂದ ರೈಲಿನಲ್ಲಿ ಮೂರು ಗಂಟೆಯ ಮೇಲೆ, ಮ್ಯಾಲೋ ಎಂಬಲ್ಲಿ ಬಹುಪಾಲು ಸಲ ಗಾಡಿ ಬದಲಿಸಬೇಕು. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗೆ ನಮ್ಮ ಹಳೇ ಜಟಕಾ ಥರದ ಕುದುರೆಗಾಡಿಯಲ್ಲಿ ಕೂತು ಕೆರೆ, ಕಾಡು, ಮಕ್ರಾಸ್ ಬಂಗಲೆ ನೋಡಿಬರಬಹುದು, ಮಂಡಿಗೆ ಕೆಲಸವಿಲ್ಲ. ರಿಂಗ್ ಆಫ್ ಕೆರಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ. ಪ್ರವಾಸಿ ಬಸ್ಸುಗಳು ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ, ನೀವು ಉಲ್ಟಾ ಹೋದರೆ ಇಕ್ಕಟ್ಟಿನ ತಿರುವುಗಳಲ್ಲಿ ಮುಖಾಮುಖಿಯಾಗುತ್ತೀರಿ. ಎರಡನ್ನೂ ಸೇರಿಸಿದರೆ ಆಗದೇ ಎಂದು ಕೇಳುತ್ತೀರಿ. ಆಗುತ್ತದೆ, ಗಾಲ್ವೇ–ಕಿಲಾರ್ನಿ ಮೂರು ಗಂಟೆಯ ದಾರಿ. ಆದರೆ ಅದಕ್ಕೆ ಬೇಕಾದ ರಾತ್ರಿಗಳನ್ನು ಡಬ್ಲಿನ್‌ನಿಂದ ಕಡಿಯಬೇಕು. ಡಬ್ಲಿನ್‌ನಿಂದ ಕಡಿಯಬೇಡಿ ಎನ್ನುತ್ತೇನೆ, ಏಕೆಂದರೆ ನಿಮ್ಮ ತಾಯಿ ಅಷ್ಟು ದೂರ ಬರುತ್ತಿರುವುದು ಬಂಡೆ ನೋಡಲಿಕ್ಕಲ್ಲ, ಮಗನನ್ನು ನೋಡಲಿಕ್ಕೆ. ಕಾರು ಓಡಿಸುವ ಉಸಾಬರಿಯೇ ಬೇಡವೆಂದರೆ ಡ್ರೈವರ್ ಸಮೇತ ಗಾಡಿ ಸಿಗುತ್ತದೆ, ಖರ್ಚು ಬಹಳ ಹೆಚ್ಚು. ಇಲ್ಲವೇ ಗಾಲ್ವೇಯಿಂದಲೇ ಹೊರಡುವ ದಿನದ ಬಸ್ಸುಗಳಿವೆ, ಅಗ್ಗ, ಆದರೆ ನಿಲ್ಲುವ ಹೊತ್ತು ಅವರದ್ದು, ಶೌಚಾಲಯದ ಅವಸರ ಅಮ್ಮನದ್ದು.

ಊಟಕ್ಕೆ ಬರೋಣ. ಡಬ್ಲಿನ್, ಗಾಲ್ವೇಗಳಲ್ಲಿ ಚಿಂತೆಯಿಲ್ಲ. ಹಳ್ಳಿಯ ಪಬ್‌ಗಳಲ್ಲಿ ಸಸ್ಯಾಹಾರವೆಂದರೆ ಮೊಟ್ಟೆ ಸೇರಿಯೇ. ತರಕಾರಿ ಸೂಪ್ ಬಹಳ ಕಡೆ ಇರುತ್ತದೆ, ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದೇ ಎಂದು ಬಾಯಿಬಿಟ್ಟು ಕೇಳಬೇಕು. ಮೊಟ್ಟೆಯ ವಿಷಯದಲ್ಲಿ ಮಾತ್ರ ಕಾನೂನು ನಿಮ್ಮ ಪರ: ಅಲರ್ಜಿ ತರಿಸುವ 14 ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂದು ಹೋಟೆಲಿನವರು ಬರಹದಲ್ಲಿ ಕೊಡಲೇಬೇಕು, ಮೊಟ್ಟೆ ಆ ಪಟ್ಟಿಯಲ್ಲಿದೆ. ಮೆನುವಿನಲ್ಲಿ ತಿನಿಸಿನ ಮುಂದಿರುವ ಸಣ್ಣ ಅಂಕಿಗಳು ಅವೇ. ಮಜ್ಜಿಗೆ, ಸೋಡಾ ಹಾಕಿ ಸುಡುವ ಅಲ್ಲಿನ ಕಂದು ಬ್ರೆಡ್ಡಿಗೆ ಸಾಮಾನ್ಯವಾಗಿ ಮೊಟ್ಟೆ ಬೀಳುವುದಿಲ್ಲ, ಬೆಣ್ಣೆ ಸವರಿದರೆ ಅಮ್ಮನಿಗೂ ರುಚಿಸುತ್ತದೆ. ಒಂದು ಎಚ್ಚರಿಕೆ: ಮೇ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ, ಆದರೆ ಹಳ್ಳಿಯ ಅಡುಗೆಮನೆ ಎಂಟೂವರೆ–ಒಂಬತ್ತಕ್ಕೇ ಮುಚ್ಚುತ್ತದೆ. ಇನ್ನೂ ಹೊತ್ತಿದೆ ಎಂದುಕೊಂಡು ಸುತ್ತಿ ಬಂದವರು ಚಿಪ್ಸ್ ತಿಂದು ಮಲಗುತ್ತಾರೆ.

ಆದ್ದರಿಂದ ಗಾಲ್ವೇಯಲ್ಲಿ ಅಡುಗೆಮನೆಯಿರುವ ಮನೆಯನ್ನೇ ಹಿಡಿಯಿರಿ, ಮೆಟ್ಟಿಲಿಲ್ಲದ ನೆಲಮಹಡಿಯದನ್ನು. ಅವಲಕ್ಕಿ, ರವೆ, ಬೇಳೆ, ಸಾರಿನಪುಡಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡಾ, ಪನೀರ್, ಹಾಲಿನ ಪುಡಿ ಬೇಡ. ಹೊರದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಮಾವಿನ ಕಾಲವೆಂದು ತಮ್ಮನಿಗೆ ಹಣ್ಣು ಕಟ್ಟಿಕೊಂಡು ಹೋಗುವಂತಿಲ್ಲ, ಹಸಿ ಕರಿಬೇವೂ ಇಲ್ಲ. ಪ್ರಮಾಣಪತ್ರವಿಲ್ಲದ ಹಣ್ಣು ಸೊಪ್ಪನ್ನು ಕಿತ್ತುಕೊಂಡು ಎಸೆಯುತ್ತಾರೆ. ಒಣಗಿಸಿದ ಕರಿಬೇವನ್ನು ಚಟ್ನಿಪುಡಿಯಲ್ಲೇ ಕುಟ್ಟಿಬಿಡಿ.

ಕೊನೆಯ ಮೂರು ರಾತ್ರಿ ಡಬ್ಲಿನ್, ಅದರಲ್ಲಿ ತಮ್ಮನಿಗೆ ರಜೆಯಿರುವ ಶನಿವಾರ ಭಾನುವಾರ ಬರುವಂತೆ ನೋಡಿಕೊಳ್ಳಿ. ಕರಾವಳಿ ರೈಲಿನಲ್ಲಿ ಹೌತ್ ಬಂದರಿಗೆ ಹೋಗಿ, ನಿಲ್ದಾಣದ ಎದುರಿಗೇ ಕಡಲು. ಅಮ್ಮ ಬೆಂಚಿನಲ್ಲಿ ಕೂತು ದೋಣಿಗಳನ್ನು, ಕಡಲುನಾಯಿಗಳು ತಲೆಯೆತ್ತಿದರೆ ಅವನ್ನೂ ನೋಡುತ್ತಿರಬಹುದು. ಫೀನಿಕ್ಸ್ ಪಾರ್ಕಿನಲ್ಲಿ 62 ಮೀಟರ್ ಎತ್ತರದ ವೆಲ್ಲಿಂಗ್ಟನ್ ಸ್ಮಾರಕವಿದೆ. ಡಬ್ಲಿನ್‌ನಲ್ಲಿ ಹುಟ್ಟಿ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಮರುವರ್ಷ ನಿಮ್ಮ ಜಿಲ್ಲೆಯದೇ ಚನ್ನಗಿರಿಯ, ಬ್ರಿಟಿಷರ ವಿರುದ್ಧ ಕಾದಾಡಿದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದವನು. ಸ್ಮಾರಕದ ಬುಡದ ಕಂಚಿನ ಫಲಕಗಳಲ್ಲಿ ಒಂದು ಭಾರತದ ಯುದ್ಧಗಳದ್ದು. ನಮ್ಮವರು ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಬರುತ್ತಾರೆ, ಫಲಕ ನೋಡುವವರು ಕಡಿಮೆ.

ಬುಕ್ ಮಾಡುವ ಕ್ರಮ ಹೀಗಿರಲಿ. ಫೆಬ್ರವರಿಯಲ್ಲಿ ವೀಸಾ ಅರ್ಜಿ. ಜೊತೆಗೇ ರದ್ದು ಮಾಡಿದರೆ ಹಣ ವಾಪಸಾಗುವ ಷರತ್ತಿನ ಮೇಲೆ ಗಾಲ್ವೇಯ ಮನೆ ಮತ್ತು ಕಾರು. ತಮ್ಮನ ಮನೆ ನಾಲ್ವರಿಗೆ ಸಾಲದಿದ್ದರೆ ಡಬ್ಲಿನ್‌ನ ಕೋಣೆಯೂ ಆಗಲೇ, ಅಲ್ಲಿ ತಡಮಾಡಿದಷ್ಟೂ ಬೆಲೆ ಏರುತ್ತದೆ. ವೀಸಾ ಬಂದ ದಿನ ವಿಮಾನ. ಲಂಡನ್ ಮಾರ್ಗ ಬೇಡ, ಅಲ್ಲಿನ ಟ್ರಾನ್ಸಿಟ್ ನಿಯಮಗಳ ತಲೆನೋವು ಬೇರೆ, ದೋಹಾ ಅಥವಾ ದುಬೈ ಮೂಲಕ ಹೋಗಿ, ಅಮ್ಮನಿಗೆ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ. ಪ್ರವಾಸ ವಿಮೆ ಕೊಳ್ಳುವಾಗ ಅಮ್ಮನ ಮಂಡಿ ನೋವನ್ನೂ ಬಿಪಿ, ಸಕ್ಕರೆ ಏನಿದ್ದರೂ ಅದನ್ನೂ ಬರೆಯಿರಿ, ಬರೆಯದಿದ್ದರೆ ಆಸ್ಪತ್ರೆಯ ಬಿಲ್ ನಿಮ್ಮ ಮೇಲೇ ಬೀಳುತ್ತದೆ. ಮೊಹರ್‌ನ ಟಿಕೆಟ್ ಮತ್ತು ರೈಲಿನ ಸೀಟು ಏಪ್ರಿಲ್‌ಗೆ ಸಾಕು.